ಬಂಗುಡೆ ಲೆಕ್ಕ ಸುತ್ತಿಸಿದ ನನ್ನ ಅನುಭವ

‘ಸುತ್ತುವ ಗ್ರಾಫ್ ಯಾರಿಗೆ ಬೇಕು ಮಾರಾಯಾ, ಎಕ್ಸೆಲ್‌ನಲ್ಲಿ ನಾಲ್ಕು ಕಂಬ ನಿಲ್ಲಿಸಿ ಕೊಡು’ ಅಂದಿದ್ದ ಗೆಳೆಯರು ಈಗ ಕೋಡ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಲ್ಪೆಯ ಬೋಟ್ ಮಾಲೀಕರೊಬ್ಬರು ಸುಮಾರು ಹತ್ತು ವರ್ಷದ ಲೆಕ್ಕದ ಪುಸ್ತಕ ಕೊಟ್ಟಿದ್ದರು. ಬಂಗುಡೆ, ಬೂತಾಯಿ, ಅಂಜಲ್, ಯಾವ ಮೀನು ಯಾವ ತಿಂಗಳು ಎಷ್ಟು ಕೆಜಿ ಅಂತ. ನಾನು ಹನ್ನೆರಡು ತಿಂಗಳನ್ನು ಗಡಿಯಾರದ ಹಾಗೆ ದುಂಡಗೆ ಇಟ್ಟು, ವರ್ಷ ಕಳೆದಂತೆ ಗೆರೆ ಸುತ್ತುತ್ತಾ ಹೋಗುವ ಪೋಲಾರ್ ಪ್ಲಾಟ್ (ದುಂಡಗಿನ ಗ್ರಾಫ್) ವಿಡಿಯೋ ಮಾಡಿದೆ. ನಡುವಿನಿಂದ ಗೆರೆ ದೂರ ಹೋದಷ್ಟೂ ಮೀನು ಜಾಸ್ತಿ.

ಗೆರೆ ಚೆಂದ ಕಾಣಲಿ ಅಂತ ಸ್ಪ್ಲೈನ್ (ಬಿಂದುಗಳನ್ನು ಬಾಗಿಸಿ ಜೋಡಿಸುವ ಗೆರೆ) ಹಾಕಿದ್ದೇ ಮೊದಲ ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ? ಸ್ಪ್ಲೈನ್ ಅದನ್ನು ಕೇಳದೆ ಮೇಯಿಂದ ಆಗಸ್ಟ್‌ಗೆ ನುಣ್ಣಗೆ ಸೇತುವೆ ಕಟ್ಟಿತು. ಮಾಲೀಕರು ನೋಡಿ, ‘ಎಂತ ಮಾರಾಯಾ, ನನ್ನನ್ನು ಒಳಗೆ ಹಾಕಿಸ್ತೀಯಾ?’ ಅಂದರು. ಗೆರೆ ಕತ್ತರಿಸಿದೆ. ಆಗ ಆ ಖಾಲಿ ಜಾಗ ಮೀನು ಬಾಯಿ ತೆರೆದ ಹಾಗೆ ಕಂಡಿತು! ವೃತ್ತವನ್ನು ಸ್ವಲ್ಪ ತಿರುಗಿಸಿ ಬಾಯಿಯನ್ನು ಬಲಕ್ಕೆ ತಂದೆ, ಮೇಲೊಂದು ಕಣ್ಣು ಇಟ್ಟೆ. ಇದು ನನ್ನ ತಲೆಯದ್ದೇ, ಯಾರಿಂದಲೂ ಕದ್ದದ್ದಲ್ಲ.

ಒಳಗೆ ಬಣ್ಣ ತುಂಬಿದ ಮೇಲೆ ಇನ್ನೊಂದು ಮೋಸ. ಮೀನು ಎರಡು ಪಟ್ಟಾದರೆ ಬಣ್ಣದ ಜಾಗ ನಾಲ್ಕು ಪಟ್ಟು ಕಾಣುತ್ತಿತ್ತು. ಕೆಜಿಯ ಬದಲು ಅದರ ವರ್ಗಮೂಲದಷ್ಟು ದೂರಕ್ಕೆ ಗೆರೆ ಎಳೆದೆ, ಸರಿಹೋಯಿತು.

ಜಾಸ್ತಿ ಸತಾಯಿಸಿದ್ದು ಕನ್ನಡ ಅಕ್ಷರ. ನನ್ನಲ್ಲಿದ್ದ ಮ್ಯಾಟ್‌ಪ್ಲಾಟ್‌ಲಿಬ್‌ಗೆ (ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಸಾಧನ) ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ‘ಮಲ್ಪೆ’ಯ ‘ಲ್’ ಒಂದು ಕಡೆ, ‘ಪೆ’ ಇನ್ನೊಂದು ಕಡೆ. ಫಾಂಟ್ ಬದಲಿಸಿ ಬದಲಿಸಿ ಎರಡು ರಾತ್ರಿ ಹೋಯಿತು. ಕೊನೆಗೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಹೆಸರುಗಳನ್ನು ಬರೆದು, ಪಿಎನ್‌ಜಿ ಚಿತ್ರ ಮಾಡಿ, ಪ್ಲಾಟ್ ಮೇಲೆ ಅಂಟಿಸಿದೆ. ನಲವತ್ತು ಚಿತ್ರವಾದರೂ ಆಗಿರಬೇಕು. ಅಂಟಿಸಿದ್ದು ಫ್ರೇಮಿಂದ ಫ್ರೇಮಿಗೆ ಅಲುಗಾಡದಿರಲು ಒಂದು ಉಪಾಯ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಜಿಫ್ ಮಾಡಿದರೆ ಮೂವತ್ತು ಎಂಬಿ ದಾಟಿತು. ಎಂಪಿ4 ಎರಡೋ ಮೂರೋ ಎಂಬಿ. ವಿಡಿಯೋ ಮಾಡುವ ಎಫ್‌ಎಫ್‌ಎಂಪೆಗ್‌ನಲ್ಲಿ ವೈಯುವಿ420ಪಿ ಅನ್ನುವ ಬಣ್ಣದ ಮಾದರಿ ಕೊಡಲು ಮರೆತಿದ್ದೆ, ಮಾಲೀಕರ ಫೋನಲ್ಲಿ ಬರೀ ಕಪ್ಪು. ಚಿತ್ರದ ಎತ್ತರ ಬೆಸ ಸಂಖ್ಯೆ ಇದ್ದದ್ದಕ್ಕೂ ಒಮ್ಮೆ ಅದರಿಂದ ಬೈಸಿಕೊಂಡೆ.

ನಡುವೆ ಸುಮ್ನೆ ಒಂದು ಹುಚ್ಚು: ವಿಡಿಯೋದಲ್ಲಿ ಪ್ರತಿ ತಿಂಗಳಿಗೆ ಒಂದು ಚೆಂಡೆ ಪೆಟ್ಟು, ಮೀನು ಜಾಸ್ತಿ ಬಿದ್ದ ತಿಂಗಳು ಜೋರು. ಮೀನುಗಾರರ ಸಂಘದ ಸಭೆಯಲ್ಲಿ ಗ್ರಾಫ್‌ಗಿಂತ ಅದಕ್ಕೇ ಚಪ್ಪಾಳೆ.

ದುಡ್ಡು? ಮೊದಲನೆಯದು ಪುಕ್ಕಟೆ, ಮೇಲಿಂದ ಒಂದು ಬುಟ್ಟಿ ಬಂಗುಡೆ. ಎರಡನೆಯದಕ್ಕೆ ಆರು ಸಾವಿರ ಸಿಕ್ಕಿತು. ಹಾರ್ಡ್ ಡಿಸ್ಕ್‌ಗೇ ನಾಲ್ಕೂವರೆ ಹೋಗಿತ್ತು ಅನ್ನಿ.

ಈಗ ಅದೇ ಮಾಲೀಕರು ಬ್ಯಾಂಕ್ ಸಾಲದ ಕಂತನ್ನೂ ಆ ವೃತ್ತದಲ್ಲಿ ಸೇರಿಸು ಅಂದಿದ್ದಾರೆ. ಹಾಕಿ ನೋಡಿದೆ. ಜೂನ್, ಜುಲೈಯಲ್ಲೂ ಗೆರೆ ಕಡಿಯುವುದಿಲ್ಲ, ಮೀನಿನ ಬಾಯಿಗೆ ಸರಿಯಾಗಿ ಅಡ್ಡ ಬರುತ್ತದೆ. ಯಾವ ಬಣ್ಣ ಕೊಡುವುದು ಅಂತ ಇನ್ನೂ ಗೊತ್ತಾಗಿಲ್ಲ.