ಹೆಸರು ಅದೇ, ಡಿಸ್ಕ್ ಬೇರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಕಾಕಾ ಅವರ ಫೋಟೋ ಸ್ಟುಡಿಯೋ ಇದೆ. ಅಲ್ಲಿನ ಕಂಪ್ಯೂಟರ್‌ಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನೇ. ಒಳಗೆ ಮೂರು ಡಿಸ್ಕ್. ಲಿನಕ್ಸ್‌ಗೆ ಚಿಕ್ಕ ಎಸ್‌ಎಸ್‌ಡಿ, ಫೋಟೋಗಳಿಗೆ 2 ಟಿಬಿ ಹಾರ್ಡ್ ಡಿಸ್ಕ್, ಬ್ಯಾಕಪ್‌ಗೆ ಅದೇ ಮಾಡೆಲ್‌ನ ಇನ್ನೊಂದು. ಪ್ರತಿ ಭಾನುವಾರ ರಾತ್ರಿ ಆರ್‌ಸಿಂಕ್ ಎಂಬ ಪ್ರೋಗ್ರಾಂ ಓಡಿ ಫೋಟೋಗಳನ್ನು ಬ್ಯಾಕಪ್‌ಗೆ ನಕಲು ಮಾಡುತ್ತದೆ. ಫೋಟೋ ಕಡೆ ಇಲ್ಲದ್ದನ್ನು ಬ್ಯಾಕಪ್ ಕಡೆಯಿಂದಲೂ ಅಳಿಸುತ್ತದೆ.

ಮದುವೆ ಸೀಸನ್‌ನ ಒಂದು ಶನಿವಾರ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಬೆಳಿಗ್ಗೆ ಕಾಕಾ ಫೋನ್ ಮಾಡಿದರು: "ತಮ್ಮಾ, ಈ ವಾರದ್ ಮದುವಿ ಫೋಟೋ ಒಂದೂ ಕಾಣವಲ್ದು. ಲಗೂನ ಬಾ."

ಹೋಗಿ ನೋಡಿದರೆ ಪರದೆಯ ಮೇಲೆ ಒಂದು ಎರರ್ ಕೂಡ ಇಲ್ಲ. ಆ ಫೋಟೋಗಳೆಲ್ಲ ಬ್ಯಾಕಪ್ ಫೋಲ್ಡರ್‌ನಲ್ಲಿದ್ದವು! ಎರಡು ಡಿಸ್ಕ್ ಅದಲು ಬದಲಾಗಿದ್ದವು. ಭಾನುವಾರ ರಾತ್ರಿ ಆರ್‌ಸಿಂಕ್ ಓಡಿದ್ದರೆ ಆ ವಾರದ ಮದುವೆಗಳೆಲ್ಲ ಅಳಿಸಿ ಹೋಗುತ್ತಿದ್ದವು. ನನಗೆ ಕೈಕಾಲು ತಣ್ಣಗಾಯಿತು. ಮೊದಲು ಕ್ರಾನ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪಟ್ಟಿಯಲ್ಲಿ, ಆರ್‌ಸಿಂಕ್‌ನ ಸಾಲು ನಿಲ್ಲಿಸಿದೆ.

ತಪ್ಪು ನನ್ನದೇ. ಯಾವ ಡಿಸ್ಕ್ ಯಾವ ಫೋಲ್ಡರ್‌ನಲ್ಲಿ ತೆರೆಯಬೇಕು ಅಂತ ಹೇಳುವ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಬಿ1, ಎಸ್‌ಡಿಸಿ1 ಅಂತ ಬರೆದಿದ್ದೆ. ಅವು ಡಿಸ್ಕ್‌ನ ಹೆಸರಲ್ಲ, ಸರದಿಯ ನಂಬರ್ ಅಷ್ಟೇ. ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾವುದು ಮೊದಲು ಸಿಗುತ್ತದೋ ಅದು ಎಸ್‌ಡಿಎ, ಮುಂದಿನದು ಎಸ್‌ಡಿಬಿ. ಒಂದು ಡಿಸ್ಕ್ ತಿರುಗಲು ಸ್ವಲ್ಪ ತಡವಾದರೂ ಸರದಿ ಬದಲಾಗಬಹುದು. ಲಿನಕ್ಸ್ ಇರುವ ಎಸ್‌ಎಸ್‌ಡಿಗೆ ಇನ್‌ಸ್ಟಾಲರ್ ತಾನೇ ಯುಯುಐಡಿ ಎಂಬ ಗುರುತು ಬರೆದಿತ್ತು. ಹಾಗಾಗಿ ಬೂಟ್ ಮಾತ್ರ ಸರಿಯಾಗೇ ಆಗಿತ್ತು.

ಯುಯುಐಡಿ ಅಂದರೆ ಫಾರ್ಮ್ಯಾಟ್ ಮಾಡುವಾಗ ಫೈಲ್‌ಸಿಸ್ಟಮ್‌ಗೆ ಸಿಗುವ 128 ಬಿಟ್‌ನ ಗುರುತು. ಕೇಬಲ್ ಎಲ್ಲಿಗೆ ಚುಚ್ಚಿದರೂ ಬದಲಾಗುವುದಿಲ್ಲ. ಅದನ್ನೇ ಬರೆಯೋಣ ಅಂತ, ಯುಯುಐಡಿ ತೋರಿಸುವ ಬಿಎಲ್‌ಕೆಐಡಿ ಕಮಾಂಡ್ ಓಡಿಸಿದೆ. ಎರಡೂ ಡಿಸ್ಕ್‌ಗೆ ಒಂದೇ ಯುಯುಐಡಿ ತೋರಿಸಿತು! ಆಗ ನೆನಪಾಯಿತು. ಮೊದಲ ಬ್ಯಾಕಪ್ ಅನ್ನು ನಾನು ಡಿಡಿ ಕಮಾಂಡ್‌ನಿಂದ ಮಾಡಿದ್ದೆ. ಡಿಡಿ ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುತ್ತದೆ, ಯುಯುಐಡಿಯನ್ನೂ ಸೇರಿಸಿ. ಪಾರ್ಟಿಷನ್‌ನ ಗುರುತಾದ ಪಾರ್ಟ್‌ಯುಯುಐಡಿಯೂ ಎರಡಕ್ಕೂ ಒಂದೇ ಬಂದಿತ್ತು. ಈ ಮಾತನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಹಾಗಾದರೆ ಯಾವುದು ಯಾವ ಡಿಸ್ಕ್? ಲಿನಕ್ಸ್‌ನ ಡೆವ್ ಫೋಲ್ಡರ್ ಒಳಗಿನ ಡಿಸ್ಕ್ ಫೋಲ್ಡರ್‌ನಲ್ಲಿ ಬೈ-ಐಡಿ ಅಂತ ಒಂದು ಜಾಗ ಇದೆ. ಅಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಇರುತ್ತದೆ. ಅದೇ ನಂಬರ್ ಡಿಸ್ಕ್‌ನ ಚೀಟಿಯ ಮೇಲೂ ಅಚ್ಚಾಗಿರುತ್ತದೆ. ಕೇಸ್ ಬಿಚ್ಚಿ, ಟಾರ್ಚ್ ಹಿಡಿದು ತಾಳೆ ನೋಡಿದೆ. ಬ್ಯಾಕಪ್ ಯಾವುದು ಅಂತ ಖಾತ್ರಿಯಾದ ಮೇಲೆ ಅದನ್ನು ಅನ್‌ಮೌಂಟ್ ಮಾಡಿ, ಅಂದರೆ ಫೋಲ್ಡರ್‌ನಿಂದ ಬಿಡಿಸಿ, ಎಫ್‌ಎಸ್‌ಸಿಕೆಯಿಂದ ಪರೀಕ್ಷಿಸಿ, ಟ್ಯೂನ್‌2ಎಫ್‌ಎಸ್‌ನಿಂದ ಹೊಸ ಯುಯುಐಡಿ ಕೊಟ್ಟೆ. ಆಮೇಲೆ ಎಫ್‌ಸ್ಟ್ಯಾಬ್‌ನ ಎರಡೂ ಸಾಲು ಬದಲಿಸಿದೆ.

ಬ್ಯಾಕಪ್ ಸಾಲಿಗೆ, ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸು ಅನ್ನುವ ನೋಫೇಲ್ ಸೇರಿಸಿದೆ. ಇಲ್ಲದಿದ್ದರೆ ಆ ಡಿಸ್ಕ್ ಕೆಟ್ಟ ದಿನ ಬೂಟ್ ನಡೆಸುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ, ಸ್ಟುಡಿಯೋ ಕೆಲಸ ನಿಲ್ಲುತ್ತದೆ. ಆದರೆ ನೋಫೇಲ್ ಹಾಕಿದರೆ ಡಿಸ್ಕ್ ಇಲ್ಲದಿದ್ದರೂ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ, ಅಲ್ವಾ? ಆರ್‌ಸಿಂಕ್ ಅದರೊಳಗೇ ಬರೆದು ಚಿಕ್ಕ ಎಸ್‌ಎಸ್‌ಡಿಯನ್ನು ತುಂಬಿಸಿಬಿಡುತ್ತದೆ. ಅದಕ್ಕೆ ಎರಡೂ ಫೋಲ್ಡರ್ ನಿಜವಾಗಿ ಮೌಂಟ್ ಆಗಿವೆಯಾ ಅಂತ ಸ್ಕ್ರಿಪ್ಟ್ ಮೊದಲು ನೋಡುವ ಹಾಗೆ ಮಾಡಿದೆ.

ಕೊನೆಗೆ ಕಂಪ್ಯೂಟರ್ ಬಂದ್ ಮಾಡಿ, ಎರಡೂ ಡಿಸ್ಕ್‌ನ ಕೇಬಲ್ ಬೇಕಂತಲೇ ಅದಲು ಬದಲು ಮಾಡಿ ಬೂಟ್ ಮಾಡಿದೆ. ಎಸ್‌ಡಿಬಿ, ಎಸ್‌ಡಿಸಿ ಬದಲಾದವು. ಫೋಟೋ ಫೋಲ್ಡರ್ ತೆರೆದರೆ ಆ ವಾರದ ಮದುವೆಗಳೆಲ್ಲ ಅಲ್ಲೇ ಇದ್ದವು. ಕಾಕಾ ಒಂದೊಂದನ್ನೇ ತೆಗೆದು ನೋಡಿದ ಮೇಲೆ ಕ್ರಾನ್ ಸಾಲನ್ನು ಮತ್ತೆ ಶುರು ಮಾಡಿದೆ.