‘ನಮ್ ಕೈಯಿಂದ ಏನ್ ಹೋಯ್ತು ಬುಡಿ’

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ದಿನಾ ಮಂಡ್ಯದಿಂದ ರೈಲಿನಲ್ಲಿ ಓಡಾಟ. ಕೆಲಸ ಬಿಟ್ಟ ಮೇಲೆ ನಮ್ಮ ಬೀದಿಯ, ಆಚೀಚೆ ಊರಿನ ಹಿರಿಯರ ಆಸ್ಪತ್ರೆ ಬಿಲ್ಲುಗಳನ್ನು ಓದಿಕೊಡುತ್ತೇನೆ. ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಬಿಲ್ಲಿನಲ್ಲಿ ಸುಳ್ಳು ಲೆಕ್ಕ ಇದೆ ಅಂತ ತೋರಿಸಿದರೆ ಹೆಚ್ಚಿನವರು ಹೇಳುವ ಮಾತು ಒಂದೇ. "ನಮ್ ಕೈಯಿಂದ ಏನ್ ಹೋಯ್ತು ಬುಡಿ. ಇನ್ಶೂರೆನ್ಸ್‌ನವ್ರು ಕೊಟ್ಟವ್ರೆ."

ಮೋಸ ಮಾಡುವವರಿಗೆ ಈ ಮಾತೇ ಬಂಡವಾಳ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಒಬ್ಬೊಬ್ಬರಿಗಲ್ಲ, ಇಡೀ ಮನೆಗೆ. ಅಜ್ಜನ ಹೆಸರಿನಲ್ಲಿ ಸುಳ್ಳು ಬಿಲ್ ಆದರೆ, ಅದೇ ವರ್ಷ ಮಗನಿಗೆ ಹಾರ್ಟ್ ಆಪರೇಷನ್ ಬಂದಾಗ ಅಷ್ಟು ಕಡಿಮೆ ಉಳಿದಿರುತ್ತದೆ. ಖಾಸಗಿ ಪಾಲಿಸಿಯಲ್ಲೂ ಹೀಗೇ, ಆ ವರ್ಷದ ಮೊತ್ತ ಕರಗುತ್ತದೆ. ಜೊತೆಗೆ, ಇಲ್ಲದ ಕಾಯಿಲೆ ದಾಖಲೆಯಲ್ಲಿ ಕೂತುಬಿಡುತ್ತದೆ.

ಪಕ್ಕದ ಬೀದಿಯ ಮೇಷ್ಟ್ರ ವಿಷಯ ಹೇಳುತ್ತೇನೆ. 72 ವರ್ಷ. ಕಫ ಕಟ್ಟಿ ಜ್ವರ ಬಂದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಇದ್ದರು. ಮನೆಗೆ ಬಂದ ಮೇಲೆ ಬಿಲ್ಲನ್ನು ನನ್ನ ಹತ್ತಿರ ತಂದರು. ಐಸಿಯು ಮೂರು ದಿನ. ಫಿಸಿಯೋಥೆರಪಿ ಎಂಟು ಸಲ. ನೆಬುಲೈಸೇಷನ್, ಅಂದರೆ ಮಾಸ್ಕ್ ಹಾಕಿ ಔಷಧಿಯ ಹೊಗೆ ಕೊಡುವುದು, ಇಪ್ಪತ್ತೆಂಟು ಸಲ. "ಇದೆಲ್ಲಾ ಆಯ್ತಾ ಮೇಷ್ಟ್ರೇ?" ಅಂದೆ. "ಜ್ವರದಲ್ಲಿದ್ದೆ, ನೆನಪಿಲ್ಲ" ಅಂದರು.

ನೆನಪಿದ್ದದ್ದು ಅವರ ಹೆಂಡತಿಗೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿದಾಗ ಹೇಳಬೇಕಲ್ವಾ ಅಂತ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಲ್ಲಾ ಬರೆದಿಟ್ಟಿದ್ದರು. ಡಾಕ್ಟರ್ ಯಾವಾಗ ಬಂದರು, ಯಾವ ಇಂಜೆಕ್ಷನ್, ಎಷ್ಟು ಗಂಟೆಗೆ ಹೊಗೆ ಕೊಟ್ಟರು. 'ಮಂಗಳವಾರ ಮಧ್ಯಾಹ್ನ ವಾರ್ಡಿಗೆ ತಂದ್ರು' ಅಂತಲೂ ಇತ್ತು. ಅಂದರೆ ಐಸಿಯುನಲ್ಲಿ ಇದ್ದದ್ದು ಒಂದೇ ರಾತ್ರಿ. ಹೊಗೆ ದಿನಕ್ಕೆ ಮೂರು ಸಲ. ಫಿಸಿಯೋಥೆರಪಿಯವರು ಒಬ್ಬರೂ ಬಂದಿರಲಿಲ್ಲ.

ಡಿಸ್ಚಾರ್ಜ್ ಸಮ್ಮರಿ ನೋಡಿದಾಗ ನನಗೆ ಸಿಟ್ಟು ಬಂತು. 'ರೆಸ್ಪಿರೇಟರಿ ಫೇಲ್ಯೂರ್', ಅಂದರೆ ಉಸಿರಾಟವೇ ಕೈಕೊಟ್ಟಿದೆ ಅಂತ ಬರೆದಿದ್ದರು. ಐಸಿಯು ದಿನಗಳನ್ನು ಸಮರ್ಥಿಸಲು ಕಾಯಿಲೆಯನ್ನೇ ದೊಡ್ಡದು ಮಾಡಿದ್ದರು. ಮುಂದೆ ಮೇಷ್ಟ್ರು ಬೇರೆ ಕಂಪನಿಗೆ ಪಾಲಿಸಿ ಬದಲಿಸಲು ಹೋದರೆ ಆ ಎರಡು ಪದ ಅವರ ಬೆನ್ನು ಬಿಡುವುದಿಲ್ಲ.

ಆದರೂ ಮೊದಲು ದೂರು ಕೊಡಬೇಡಿ, ಕೇಳಿ. ಬಿಲ್ಲಿನ ಗೊಂದಲವೆಲ್ಲ ಮೋಸವಲ್ಲ. ದಿನದ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಸುಸ್ತಾದ ಹುಡುಗಿ ಒಂದು ಸೊನ್ನೆ ಜಾಸ್ತಿ ಒತ್ತಿರಬಹುದು. ನಾವು ಬಿಲ್ಲಿಂಗ್ ಕೌಂಟರಿಗೆ ಹೋಗಿ ಮೆತ್ತಗೆ ಕೇಳಿದೆವು. ಫಿಸಿಯೋಥೆರಪಿ ತಪ್ಪಾಗಿ ಸೇರಿದೆ ಅಂತ ಒಪ್ಪಿದರು. ಐಸಿಯು ವಿಷಯಕ್ಕೆ ಬಂದಾಗ ಮುಖ ಗಂಟಿಕ್ಕಿತು.

ಆಗ ಕೇಸ್ ಶೀಟಿನ, ಅಂದರೆ ಡಾಕ್ಟರ್, ನರ್ಸ್ ದಿನದಿನ ಬರೆದಿಟ್ಟ ದಾಖಲೆಯ ಪ್ರತಿ ಬೇಕು ಅಂತ ಬರೆದುಕೊಟ್ಟು, ಸೀಲ್ ಹಾಕಿಸಿಕೊಂಡೆವು. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಈ ನಿಯಮ ಬಾಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಬಿಲ್ಲನ್ನು ಸಾವಿರ ಥರ ತಿರುಚಬಹುದು, ನರ್ಸ್ ನೋಟ್ಸ್ ತಿರುಚುವುದು ಕಷ್ಟ. ಪಾಳಿ ಬದಲಾದಾಗಲೆಲ್ಲ ಬೇರೆ ಬೇರೆ ಕೈ, ಬೇರೆ ಬೇರೆ ಸಹಿ. ಅಲ್ಲಿ ವಾರ್ಡಿಗೆ ತಂದ ಹೊತ್ತು ಹಾಲಿನ ಪುಸ್ತಕದ ಹೊತ್ತಿಗೆ ಸರಿಯಾಗಿ ಕೂತಿತ್ತು.

ಬಿಲ್ಲು, ಕೇಸ್ ಶೀಟು, ಹಾಲಿನ ಪುಸ್ತಕದ ಫೋಟೊ ಮೂರನ್ನೂ ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆವು. ಅವರ ಕಡೆಯವರು ಮನೆಗೇ ಬಂದು ಪುಸ್ತಕ ನೋಡಿದರು. ಕೊನೆಗೆ ಬಿಲ್ ಕಡಿಮೆಯಾಯಿತು, ಆ ಮೊತ್ತ ಪಾಲಿಸಿಗೆ ಮರಳಿತು. ಆ ಎರಡು ಪದ ತೆಗೆಸಲು ಮತ್ತೆರಡು ಪತ್ರ ಬೇಕಾಯಿತು. ಕಂಪನಿ ಸುಮ್ನೆ ಕೂತಿದ್ದರೆ 155255ಕ್ಕೆ ಫೋನ್ ಮಾಡಿ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾದಲ್ಲಿ ದೂರು ದಾಖಲಿಸುತ್ತಿದ್ದೆವು. ಅದರ ಮೇಲೆ ಬೆಂಗಳೂರಿನಲ್ಲಿ ಇಂಥ ತಕರಾರು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಒಂದು ಮಾತು ಹೇಳಲೇಬೇಕು. ಡೆಸ್ಕಿನಲ್ಲಿದ್ದಾಗ ನಾನೇ ಎಷ್ಟೋ ಹಿರಿಯರಿಂದ ಖಾಲಿ ಫಾರಂಗೆ ಸಹಿ ಹಾಕಿಸಿದ್ದೇನೆ. "ಆಮೇಲೆ ತುಂಬ್ಕೋತೀವಿ ಅಜ್ಜ" ಅನ್ನುತ್ತಿದ್ದೆ. ಹೊರಗೆ ಸಾಲು ಇರುತ್ತಿತ್ತು, ಆತುರ. ಆ ಹಾಳೆಗಳಲ್ಲಿ ಆಮೇಲೆ ಏನೇನು ತುಂಬಿತೋ ಅನ್ನುವುದು ಈಗಲೂ ಚುಚ್ಚುತ್ತದೆ. ಅದಕ್ಕೇ ಯಾರಾದರೂ ಆಸ್ಪತ್ರೆಗೆ ಹೊರಟರೆ ನಾನು ಮೊದಲು ಹೇಳುವುದು ಇದನ್ನೇ: ಖಾಲಿ ಜಾಗಕ್ಕೆ ಗೆರೆ ಎಳೆದು ಸಹಿ ಮಾಡಿ, ಫೋಟೊ ತೆಗೆದುಕೊಳ್ಳಿ. ಸ್ಟೆಂಟ್ ಹಾಕಿದರೆ, ಕಣ್ಣಿಗೆ ಲೆನ್ಸ್ ಹಾಕಿದರೆ ಅದರ ಪೊಟ್ಟಣದ ಮೇಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ. ಪಾಲಿಸಿಗೆ 60 ತಿಂಗಳು ತುಂಬಿದ ಮೇಲೆ ಕಂಪನಿ ಹಳೇ ಕಾಯಿಲೆ ಮುಚ್ಚಿಟ್ಟಿರಿ ಅಂತ ಕ್ಲೇಮ್ ತಳ್ಳುವಂತಿಲ್ಲ. ಆದರೆ ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ. ಸುಳ್ಳು ಬರೆದವರು ಯಾರೇ ಆಗಲಿ, ಕೆಳಗಿರುವ ಸಹಿ ನಿಮ್ಮದೇ ಅಲ್ವಾ?

ಈಗ ಕೈಯಲ್ಲಿರುವುದು ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ಅಜ್ಜಿಯ ವಿಷಯ. ಊರಿನಲ್ಲಿ ಉಚಿತ ತಪಾಸಣೆ ಶಿಬಿರ ನಡೆಯಿತು. ಆಧಾರ್ ತಗೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಸುಸ್ತಿಗೆ ಗ್ಲೂಕೋಸ್ ಹಾಕುತ್ತೇವೆ ಅಂತ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಒಂದು ರಾತ್ರಿ ಇಟ್ಟುಕೊಂಡರು. ಔಷಧಿಗೆ ಅಂತ 3,000 ರೂಪಾಯಿಯನ್ನೂ ಪಡೆದರು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಯೋಜನೆಯ ಚಿಕಿತ್ಸೆಯಲ್ಲಿ ಔಷಧಿ, ಪರೀಕ್ಷೆ, ಊಟ ಎಲ್ಲಾ ಪ್ಯಾಕೇಜಿನೊಳಗೇ ಬರುತ್ತದೆ. ಕೈಯಿಂದ ಒಂದು ರೂಪಾಯಿಯೂ ಕೊಡಬೇಕಿಲ್ಲ.

ನನಗೆ ಅನುಮಾನ ಬಂದದ್ದು ಬೇರೆ ಕಡೆ. ಈ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಸೇರಲು ಸರ್ಕಾರಿ ಆಸ್ಪತ್ರೆಯ ರೆಫರಲ್, ಅಂದರೆ ಶಿಫಾರಸು ಚೀಟಿ ಬೇಕು. ತುರ್ತು ಇದ್ದರೆ ಮಾತ್ರ ನೇರವಾಗಿ ಹೋಗಬಹುದು. ಅಜ್ಜಿಯ ಹತ್ತಿರ ರೆಫರಲ್ ಚೀಟಿ ಇರಲಿಲ್ಲ. ಕಾಗದ ತರಿಸಿ ನೋಡಿದರೆ 'ತುರ್ತು' ಅಂತಿತ್ತು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ, ನಡೆದುಕೊಂಡು ಹೋಗಿ ವ್ಯಾನ್ ಹತ್ತಿದವರು ಅವರು.

ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ, ಜಿಲ್ಲಾ ಆರೋಗ್ಯಾಧಿಕಾರಿಗೂ ಪತ್ರ ಕೊಟ್ಟೆವು. ಅಜ್ಜಿಗೆ ಭಯ. "ನಾಳಿಕ್ ಅದೇ ಆಸ್ಪತ್ರೆ ಬಾಗ್ಲಿಗೆ ಹೋಗ್ಬೇಕಾದ್ರೆ?" ಅಂತ ಎರಡು ದಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮೂರನೇ ದಿನ ಅವರೇ ಬಂದರು. ಪತ್ರವನ್ನು ಪೂರ್ತಿ ಓದಿಸಿಕೊಂಡು, "ಇಷ್ಟೇನಾ ಇರೋದು?" ಅಂತ ಕೇಳಿ ಒತ್ತಿದರು.

3,000 ರೂಪಾಯಿ ವಾಪಸ್ ಬಂದಿದೆ. ಕಾರ್ಡಿನಿಂದ ಕಡಿತವಾದ ಮೊತ್ತ ಇನ್ನೂ ಬಂದಿಲ್ಲ. ಸೋಮವಾರ ಮಂಡ್ಯದ ಕಚೇರಿಗೆ ಮತ್ತೆ ಹೋಗುತ್ತಿದ್ದೇವೆ. ಅದೇ ಶಿಬಿರಕ್ಕೆ ಹೋಗಿದ್ದ ಇನ್ನೂ ನಾಲ್ಕು ಜನರನ್ನು ಅಜ್ಜಿ ಹೊರಡಿಸಿದ್ದಾರೆ.