ಡಿಕನ್ಸ್ ಕಾದಂಬರಿಗೆ ಮುಯ್ಯಿ ಪುಸ್ತಕ ಬರೆಸಿದ ನನ್ನ ಅನುಭವ

ಕೊನೆಯ ವರ್ಷದ ಬಿ.ಎ. ಮಕ್ಕಳಿಗೆ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಪಾಠ ಮಾಡುವವರನ್ನು ಯಾರನ್ನೇ ಕೇಳಿ, ಉತ್ತರ ಒಂದೇ: "ಗೈಡ್ ಓದ್ತಾರ್ರೀ, ಕಾದಂಬರಿ ಮುಟ್ಟಲ್ಲ." ಅಕ್ಕನ ಗಂಡ, ಕಮ್ಮಾರ ಜೋನ ಮನೆಯಲ್ಲಿ ಬೆಳೆದ ಅನಾಥ ಪಿಪ್‌ಗೆ ಯಾರೋ ಗುಟ್ಟಾಗಿ ಹಣ ಕೊಟ್ಟು ಜಂಟಲ್‌ಮನ್ ಮಾಡುವ ಕಥೆ ಅದು. ನನ್ನ ತರಗತಿಯಲ್ಲಿ ಈ ಸಲ ಅರ್ಧಕ್ಕಿಂತ ಹೆಚ್ಚು ಮಕ್ಕಳು 59 ಅಧ್ಯಾಯವನ್ನೂ ಓದಿದ್ದಾರೆ. ಬಾಯಿಮಾತಲ್ಲ, ದಾಖಲೆ ಇದೆ. ಅವರ ಕೈಯಲ್ಲೇ ಬರೆಸಿದ ಮುಯ್ಯಿ ಪುಸ್ತಕಗಳು, ಅಂದರೆ ಮದುವೆಮನೆಯ ಕಾಣಿಕೆ ಬರೆದಿಡುವಂಥ ಖಾತೆಗಳು, ನನ್ನ ಬೀರುವಿನಲ್ಲಿವೆ. "ಏನ್ರೀ, ಕಾಮರ್ಸ್ ಡಿಪಾರ್ಟ್‌ಮೆಂಟಿಗೆ ವರ್ಗ ಆಯ್ತಾ?" ಎಂದು ಸ್ಟಾಫ್‌ರೂಮಿನಲ್ಲಿ ನಕ್ಕವರೇ ಈಗ ಒಂದು ಪ್ರತಿ ಜೆರಾಕ್ಸ್ ಕೇಳುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಸಂಪತ್ತು, ವರ್ಗ, ಪ್ರೀತಿ ಎಂದು ಮೂರು ತಲೆಬರಹ ಹಾಕಿ ನೋಟ್ಸ್ ಕೊಡುವ ಪದ್ಧತಿ ನಮಗೆಲ್ಲ ಗೊತ್ತಿದ್ದದ್ದೇ. ಉತ್ತರಪತ್ರಿಕೆ ತಿದ್ದುವಾಗ ನನ್ನ ವಾಕ್ಯವನ್ನೇ ಎಪ್ಪತ್ತು ಸಲ ಓದಬೇಕಾಯಿತು. ಅದು ಬೇಡವೆಂದು ಪ್ರೊಜೆಕ್ಟರ್ ಬಾಡಿಗೆಗೆ ತಂದು ಸಿನಿಮಾ ತೋರಿಸಿದೆ. ಸುಮಾರು ಒಂದೂವರೆ ಸಾವಿರ ನನ್ನ ಜೇಬಿನಿಂದಲೇ ಹೋಯಿತು. ಪರೀಕ್ಷೆಯಲ್ಲಿ, ಮದುವೆ ಮುರಿದುಬಿದ್ದ ಶ್ರೀಮಂತೆ ಮಿಸ್ ಹ್ಯಾವಿಶಮ್‌ಳ ಕೊಳೆತ ಮದುವೆ ಕೇಕಿನ ವರ್ಣನೆ ಅದ್ಭುತವಾಗಿ ಬಂತು, ಜೋ ಯಾರೆಂದು ಕೇಳಿದರೆ ಅರ್ಧ ಜನರಿಗೆ ಗೊತ್ತಿಲ್ಲ. ಆಮೇಲೆ ಪೌಂಡನ್ನು ಇವತ್ತಿನ ರೂಪಾಯಿಗೆ ಪರಿವರ್ತಿಸಿ ಪಾಠ ಮಾಡಲು ಹೋದೆ. ಮೊಬೈಲಿನಲ್ಲಿ ಒಬ್ಬನಿಗೆ ಒಂದು ಲೆಕ್ಕ ಸಿಕ್ಕರೆ ಇನ್ನೊಬ್ಬಳಿಗೆ ಅದರ ಹತ್ತುಪಟ್ಟು. ಪೀರಿಯಡ್ಡೆಲ್ಲ ಬೆಲೆಯೇರಿಕೆಯ ಚರ್ಚೆಯಲ್ಲೇ ಮುಗಿಯಿತು.

ಅಳತೆಗೋಲು ಆ ಕಾಲದ ಒಳಗಿನದೇ ಇರಬೇಕೆಂದು ಹೊಳೆದ ಮೇಲೆ ದಾರಿ ಸುಲಭವಾಯಿತು. ನಾನು ಎರಡು ಅಳತೆ ಇಟ್ಟುಕೊಂಡಿದ್ದೇನೆ. ಒಂದು ಡಿಕನ್ಸನದೇ. 1824ರಲ್ಲಿ ಅಪ್ಪ 40 ಪೌಂಡ್ ಚಿಲ್ಲರೆ ಸಾಲಕ್ಕೆ ಮಾರ್ಷಲ್‌ಸೀ ಜೈಲು ಸೇರಿದ. ಹನ್ನೆರಡರ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ವಾರಕ್ಕೆ 6 ಶಿಲಿಂಗಿನಷ್ಟು ಕೂಲಿಗೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಪೌಂಡಿಗೆ 20 ಶಿಲಿಂಗ್, ವರ್ಷಕ್ಕೆ ಹದಿನೈದೂವರೆ ಪೌಂಡ್ ಆಯಿತು. ಇನ್ನೊಂದು ಷಾರ್ಲೆಟ್ ಬ್ರಾಂಟೆಯ ಕಾದಂಬರಿಯ ನಾಯಕಿ, ಮನೆಪಾಠದ ಟೀಚರ್ ಜೇನ್ ಏರ್‌ಗೆ ಥಾರ್ನ್‌ಫೀಲ್ಡ್ ಮನೆಯಲ್ಲಿ ಸಿಗುವ ಸಂಬಳ, ವರ್ಷಕ್ಕೆ 30 ಪೌಂಡ್. ಪಿಪ್‌ಗೆ ಇಪ್ಪತ್ತೊಂದು ತುಂಬಿದಾಗ ವರ್ಷಕ್ಕೆ 500 ಪೌಂಡ್ ಗೊತ್ತಾಗುತ್ತದಲ್ಲ, ಕಾರ್ಖಾನೆಯ ಹುಡುಗ ಅಷ್ಟು ಕಾಣಬೇಕಾದರೆ 32 ವರ್ಷ ದುಡಿಯಬೇಕು. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರೂ ಪೆನ್ನು ಎತ್ತಿದರು. ಬೆಳಿಗ್ಗೆ ಪೇಪರ್ ಹಾಕಿ, ಸಂಜೆ ಬಟ್ಟೆ ಅಂಗಡಿಯಲ್ಲಿ ನಿಂತು ಕಾಲೇಜಿಗೆ ಬರುವ ಮಕ್ಕಳು ಅವರು. ಕೂಲಿಯ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮುಯ್ಯಿ ಪುಸ್ತಕದ ಯೋಚನೆ ಬಂದದ್ದು ಅಲ್ಲಿಂದಲೇ. ಮದುವೆಮನೆಯಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಹಾಕಿದರೆಂದು ಬರೆದುಕೊಳ್ಳುತ್ತಾನಲ್ಲ, ಅದೇ. ಸುಮ್ಮನೆ ಕೊಟ್ಟಂತೆ ಕಾಣಬೇಕು, ತಿರುಗಿ ಕೊಡುವ ದಿನ ಮಾತ್ರ ಮರೆಯಬಾರದು. ಈ ಕಾದಂಬರಿಯಲ್ಲಿ ನಡೆಯುವುದೆಲ್ಲ ಅದೇ ತಾನೇ? ರಟ್ಟಿನ ಉದ್ದನೆಯ ಖಾತೆ ಪುಸ್ತಕ, ಒಂದಕ್ಕೆ ಎಂಬತ್ತೋ ತೊಂಬತ್ತೋ. ನಾಲ್ಕು ಜನಕ್ಕೆ ಒಂದರಂತೆ ಕೊಟ್ಟೆ. ಕಾದಂಬರಿಯ ಪ್ರತಿಗಳನ್ನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯದು ನೋಡಿ ಹೆಕ್ಕಿ ತಂದೆ. ಚೌಕಾಸಿ ಮಾಡಿದರೆ ಅರವತ್ತು ಎಪ್ಪತ್ತಕ್ಕೆ ಸಿಗುತ್ತವೆ. ಒಟ್ಟು ನಾಲ್ಕು ಸಾವಿರದ ಆಸುಪಾಸು ಖರ್ಚಾಯಿತು. ಕಾಲೇಜಿಗೆ ಬಿಲ್ ಕೊಟ್ಟಿದ್ದೇನೆ, ಬಂದಾಗ ನೋಡೋಣ.

ಪುಸ್ತಕದಲ್ಲಿ ಐದು ಕಾಲಂ. ಯಾರು ಕೊಟ್ಟರು, ಯಾರಿಗೆ, ಎಷ್ಟು, ಯಾರ ಕೈಯಿಂದ. ಐದನೆಯದಕ್ಕೆ ತಲೆಬರಹ ಇಲ್ಲದೆ ಖಾಲಿ ಬಿಡಿಸುತ್ತೇನೆ. ಅಲ್ಲಿ ಏನು ಬರೆಸುತ್ತೇನೆ, ಯಾವ ಅಧ್ಯಾಯ ಮುಗಿದ ಮೇಲೆ ಬರೆಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಇಡೀ ಆಟ ನಿಂತಿರುವುದೇ ಅದರ ಮೇಲೆ. ವ್ಯಾಲ್ಯುಯೇಶನ್‌ಗೆ ಬಂದಾಗ ಕ್ಯಾಂಟೀನಿನಲ್ಲಿ ಕೇಳಿ.

ಮೊದಲ ಸಾಲು ಹಣವಲ್ಲ: ಸ್ಮಶಾನದಲ್ಲಿ ಸಿಕ್ಕ ಕೈದಿಗೆ ಪಿಪ್ ಕದ್ದು ಒಯ್ದುಕೊಟ್ಟ ಊಟ, ಬೇಡಿ ಕತ್ತರಿಸಲು ಒಂದು ಅರ. "ಸರ್, ಇದು ಮುಯ್ಯಿಗೆ ಬರುತ್ತಾ?" ಎಂದು ಕೇಳಿದರು. ಬರೆಯಿರಿ, ನೋಡೋಣ ಅಂದೆ. ಆಮೇಲೆ ಹೆಂಡದಂಗಡಿಯಲ್ಲಿ ಅಪರಿಚಿತನೊಬ್ಬ ಅದೇ ಅರದಿಂದ ರಮ್ ಕದಡುತ್ತಾನೆ, ಪಿಪ್ ಕೈಗೆ ಒಂದು ಶಿಲಿಂಗ್ ಕೊಡುತ್ತಾನೆ, ಶಿಲಿಂಗ್ ಸುತ್ತಿದ ಕಾಗದ ಬಿಚ್ಚಿದರೆ ಎರಡು ಒಂದು ಪೌಂಡಿನ ನೋಟು. ಆಗ ಮಕ್ಕಳಿಗೆ ಮೊದಲ ಸಾಲು ನೆನಪಾಯಿತು. ಅಲ್ಲಿಂದ ನಾನು ಬರೀ ಪುಟಸಂಖ್ಯೆ ಹೇಳುತ್ತಿದ್ದೆ, ಸಾಲು ಅವರೇ ಹುಡುಕುತ್ತಿದ್ದರು.

ಮಿಸ್ ಹ್ಯಾವಿಶಮ್ ತನ್ನ ಮನೆಗೆ ಬಂದುಹೋಗುತ್ತಿದ್ದ ಪಿಪ್‌ಗೆ ಪ್ರತಿಫಲವೆಂದು 25 ಗಿನಿ ಕೊಟ್ಟು, ಇನ್ನೇನೂ ನಿರೀಕ್ಷಿಸಬೇಡ ಎಂದು ಜೋಗೆ ಅನ್ನುತ್ತಾಳೆ. ಅದು ಮುಯ್ಯಿಯಲ್ಲ, ಲೆಕ್ಕ ಚುಕ್ತಾ. ಹೆಸರು ಹೇಳದ ದಾನಿಯ ಪರವಾಗಿ ಬಂದ ವಕೀಲ ಜ್ಯಾಗರ್ಸ್ ಪಿಪ್‌ಗೆ ಬಟ್ಟೆಗೆಂದು 20 ಗಿನಿ ಎಣಿಸಿಡುತ್ತಾನೆ. ಗಿನಿಗೆ 21 ಶಿಲಿಂಗಾದ್ದರಿಂದ ಅದು ಜೇನ್‌ಳ ಎಂಟು ತಿಂಗಳ ಸಂಬಳ. ಹುಡುಗನಿಗೆ ಆಸ್ತಿ ಬಂದಿದೆ ಎಂದು ಕಿವಿಗೆ ಬಿದ್ದದ್ದೇ ದರ್ಜಿ ಟ್ರ್ಯಾಬ್‌ನ ಬೆನ್ನು ಬಾಗುತ್ತದೆ. ವರ್ಗದ ಬಗ್ಗೆ ಆ ಪುಟಕ್ಕಿಂತ ಹೆಚ್ಚು ನಾನು ಏನು ಹೇಳಲಿ? ಅದೇ ಜ್ಯಾಗರ್ಸ್, ಕೆಲಸದ ಹುಡುಗನನ್ನು ಬಿಟ್ಟುಕೊಡುವುದಕ್ಕೆ ಪರಿಹಾರ ಬೇಕೇ ಎಂದು ಜೋನನ್ನು ಕೇಳಿದಾಗ ಜೋ ಬೇಡವೆನ್ನುತ್ತಾನೆ. "ಎಷ್ಟು" ಕಾಲಂನಲ್ಲಿ ಸೊನ್ನೆ. ಒಂದು ಗುಂಪು ಆ ಸಾಲನ್ನೇ ಬಿಟ್ಟಿತ್ತು. ಇನ್ನೊಂದು ಗುಂಪಿನ ಹುಡುಗಿ ಎದ್ದು, "ಬೇಡ ಅಂದದ್ದನ್ನೂ ಬರೀಬೇಕು. ನಮ್ಮ ಅಜ್ಜಿ ಬರೆಸ್ತಿದ್ರು" ಅಂದಳು. ಒಪ್ಪಿಕೊಂಡೆ.

ಪ್ರೀತಿಯ ಪಾಠವೂ ಖಾತೆಯಿಂದಲೇ ಬಂತು. ಪಿಪ್‌ಗೂ, ಅವನು ಪ್ರೀತಿಸುವ, ಮಿಸ್ ಹ್ಯಾವಿಶಮ್‌ಳ ಸಾಕುಮಗಳು ಎಸ್ಟೆಲಾಗೂ ಒಂದು ಪುಟ ಮೀಸಲಿಟ್ಟಿದ್ದೆವು. ಕಾದಂಬರಿ ಮುಗಿಯುತ್ತ ಬಂದರೂ ಅದರಲ್ಲಿ ಒಂದು ಕಾಸೂ ಬೀಳಲಿಲ್ಲ. ನಾಯಿಗೆ ಹಾಕಿದಂತೆ ಹಾಕಿದ ಊಟ, ಮುಂದೆ ಪಿಪ್‌ಗೆ ಗೆಳೆಯನಾಗುವ ಹರ್ಬರ್ಟ್ ಜೊತೆ ಹೊಡೆದಾಟವಾದ ಮೇಲೆ ಕೆನ್ನೆಗೆ ಒಂದು ಮುತ್ತಿಡಲು ಒಪ್ಪಿಗೆ, ಅಷ್ಟೇ. ಅವಳಿಗಾಗಿಯೇ ಪಿಪ್ ಜಂಟಲ್‌ಮನ್ ಆಗಹೊರಟದ್ದು, ಆದರೆ ಸಾಲ ಬೆಳೆದದ್ದೆಲ್ಲ ಬೇರೆ ಪುಟಗಳಲ್ಲಿ. ಕೊನೆಗೆ ಅವನನ್ನು ಬಂಧಿಸಲು ಬರುವುದು 123 ಪೌಂಡ್ 15 ಶಿಲಿಂಗ್ 6 ಪೆನ್ಸ್ ಬಾಕಿಗೆ, ಬಹುಶಃ ಆಭರಣದಂಗಡಿಯ ಲೆಕ್ಕ. "ಯಾರಿಗೆ ಮಾಡಿಸಿದ ಒಡವೆ ಸರ್?" ಎಂದು ಒಂದು ಇಡೀ ಪೀರಿಯಡ್ ಜಗಳ ನಡೆಯಿತು. ನಾನು ಬಾಯಿ ಬಿಡಲಿಲ್ಲ.

ಆ ಬಾಕಿ ತೀರಿಸಿದವನು ಜೋ. ಜ್ವರದಲ್ಲಿ ಬಿದ್ದವನನ್ನು ನೋಡಿಕೊಂಡು, ಅವನು ಏಳುವ ಮೊದಲೇ ಊರಿಗೆ ಹೊರಟುಹೋಗುತ್ತಾನೆ. ಚೀಟಿಯ ಜೊತೆ ಸಾಲ ತೀರಿದ ರಶೀದಿ. ಜೇನ್‌ಳ ಅಳತೆಯಲ್ಲಿ ನಾಲ್ಕು ವರ್ಷದ ದುಡಿಮೆ, ಹಳ್ಳಿಯ ಕಮ್ಮಾರನ ಗಂಟಿನಿಂದ. ಇಲ್ಲಿ ಐದನೇ ಕಾಲಂ ತುಂಬಿಸಿ ಎಂದಾಗ ತರಗತಿ ಏನು ಮಾಡಿತೆಂದು ಬಂದು ನೋಡಬೇಕು. ಹೆಚ್ಚು ಹೇಳಿದರೆ ಗುಟ್ಟು ಬಿಟ್ಟಂತಾಗುತ್ತದೆ.

ನಾನು ಎಣಿಸದೇ ಇದ್ದ ಲಾಭ "ಯಾರ ಕೈಯಿಂದ" ಕಾಲಂನದು. 49ನೇ ಅಧ್ಯಾಯದಲ್ಲಿ ಹರ್ಬರ್ಟ್‌ಗಾಗಿ ಮಿಸ್ ಹ್ಯಾವಿಶಮ್ ಜ್ಯಾಗರ್ಸ್ ಮೂಲಕ ಕೊಡಿಸುವ 900 ಪೌಂಡ್ ಬರೆದುಕೊಳ್ಳುವಾಗ, ಎಸ್ಟೆಲಾಳನ್ನು ಮಗುವಾಗಿದ್ದಾಗ ತಂದುಕೊಟ್ಟದ್ದೂ ಜ್ಯಾಗರ್ಸೇ ಎಂದು ಒಬ್ಬ ಹುಡುಗ ಗುರುತುಹಾಕಿದ. ಹಣ ಬಂದ ಕೈಯೂ ಅದೇ, ಹುಡುಗಿ ಬಂದ ಕೈಯೂ ಅದೇ. "ಹಂಗಾದ್ರೆ ಅವಳ ಅಪ್ಪ..." ಎಂದು ಅರ್ಧಕ್ಕೇ ನಿಲ್ಲಿಸಿದ. ಮುಂದಿನ ಎರಡು ಅಧ್ಯಾಯವನ್ನು ಅದೇ ರಾತ್ರಿ ಓದಿ ಬಂದಿದ್ದ. ಹೀಗೆ ಊಹಿಸಿದ ವಿದ್ಯಾರ್ಥಿಯನ್ನು ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಸ್ಮಶಾನದ ಆ ಕೈದಿಯ ಹೆಸರು ಮ್ಯಾಗ್‌ವಿಚ್; ಪಿಪ್‌ಗೆ ಗುಟ್ಟಾಗಿ ಹಣ ಕೊಟ್ಟವನೂ ಎಸ್ಟೆಲಾಳ ಅಪ್ಪನೂ ಅವನೇ. ಅವನ ಆಸ್ತಿಯೆಲ್ಲ ಸರ್ಕಾರಕ್ಕೆ ಹೋಗುವ ಸಾಲಿಗೆ ಸ್ವಲ್ಪ ಕಾನೂನು ಹೇಳಲೇಬೇಕು. ಘೋರ ಅಪರಾಧ ಸಾಬೀತಾದವನ ಆಸ್ತಿ ಮುಟ್ಟುಗೋಲಾಗುವ ಪದ್ಧತಿ ಇಂಗ್ಲೆಂಡಿನಲ್ಲಿ 1870ರವರೆಗೂ ಇತ್ತು. ಐದು ನಿಮಿಷ ಸಾಕು. ಕೊನೆಯ ಅಧ್ಯಾಯಕ್ಕೆ ಮಾತ್ರ ಸಮಯ ಇಟ್ಟುಕೊಳ್ಳಿ. ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಮಾತು ಕೇಳಿ ಡಿಕನ್ಸ್ ಬದಲಿಸಿದ ಮುಕ್ತಾಯ, ಮೊದಲು ಬರೆದದ್ದು, ಎರಡನ್ನೂ ಖಾತೆಗೆ ಹಾಕಿಸಿದೆ. ಅಚ್ಚಾದದ್ದರಲ್ಲಿ ಎಸ್ಟೆಲಾ ಬಳಿ ಉಳಿದಿರುವುದು ಮಿಸ್ ಹ್ಯಾವಿಶಮ್‌ಳ ಮನೆ ಸ್ಯಾಟಿಸ್ ಹೌಸ್‌ನ ಖಾಲಿ ನಿವೇಶನ. ಬಿಟ್ಟದ್ದರಲ್ಲಿ ಅವಳು ಡಾಕ್ಟರೊಬ್ಬನನ್ನು ಮದುವೆಯಾಗಿರುತ್ತಾಳೆ, ಸಂಸಾರ ನಡೆಯುವುದು ಅವಳ ಸ್ವಂತ ಹಣದಲ್ಲಿ. ಹುಡುಗಿಯರಿಗೆ ಎರಡನೆಯದೇ ಹಿಡಿಸಿತು. ಹುಡುಗರಿಗೆ ಸೈಟು.

ಬೇರೆ ಕಾದಂಬರಿಗಳ ಮೇಲೂ ಇದನ್ನು ಪ್ರಯೋಗಿಸಿದೆ. 'ಜೇನ್ ಏರ್'ಗೆ ಚೆನ್ನಾಗಿ ಹೊಂದುತ್ತದೆ. ಚಿಕ್ಕಪ್ಪನ 20,000 ಪೌಂಡನ್ನು ಜೇನ್ ನಾಲ್ಕು ಪಾಲು ಮಾಡಿ ತಲಾ 5,000 ಹಂಚಿದ್ದನ್ನು ಬರೆದ ಮೇಲೆ, ಥಾರ್ನ್‌ಫೀಲ್ಡ್‌ನ ಯಜಮಾನ, ತಾನು ಪ್ರೀತಿಸಿದ ರಾಚೆಸ್ಟರ್ ಬಳಿಗೆ ಅವಳು ಯಾವ ಧೈರ್ಯದಲ್ಲಿ ಹೋದಳೆಂದು ಬಿಡಿಸಿ ಹೇಳಬೇಕಿಲ್ಲ. 'ವುದರಿಂಗ್ ಹೈಟ್ಸ್' ಪೂರ್ತಿ ಮಕಾಡೆ ಮಲಗಿತು. ನಾಯಕ ಹೀತ್‌ಕ್ಲಿಫ್ ಊರುಬಿಟ್ಟು ಮೂರು ವರ್ಷ ಎಲ್ಲಿದ್ದ, ದುಡ್ಡು ಎಲ್ಲಿಂದ ತಂದ ಎಂದು ಕಾದಂಬರಿ ಹೇಳುವುದೇ ಇಲ್ಲ, ಖಾತೆ ಅಲ್ಲೇ ಹರಿದುಹೋಗುತ್ತದೆ. ಮನೆಯೊಡೆಯ ಹಿಂಡ್ಲಿ ಜೂಜಿಗೆ ಆಸ್ತಿ ಅಡವಿಟ್ಟದ್ದೊಂದೇ ಸಿಕ್ಕಿತು. ಎರಡು ವಾರ ಎಳೆದು ಕೈಬಿಟ್ಟೆ.

ಇಂಟರ್ನಲ್ ಅಂಕವನ್ನು ಖಾತೆ ಪುಸ್ತಕಕ್ಕೇ ಕೊಟ್ಟೆ, ಅಸೈನ್‌ಮೆಂಟ್ ಬರೆಸಲಿಲ್ಲ. ಫಲಿತಾಂಶ ಹಿಂದಿನ ವರ್ಷಕ್ಕಿಂತ ಹತ್ತು ಹನ್ನೆರಡು ಶೇಕಡಾ ಮೇಲಿದೆ, ಪೇಪರ್ ಸುಲಭವಿತ್ತು ಎಂದು ಹೇಳುವವರು ಹೇಳಲಿ. ಮುಂದಿನ ಸಲ 'ವ್ಯಾನಿಟಿ ಫೇರ್'. ಅದರಲ್ಲಿ ಕೈಯಲ್ಲಿ ಏನೂ ಇಲ್ಲದೆ ಐಷಾರಾಮದಲ್ಲಿ ಬದುಕುವ ಬೆಕಿ ಶಾರ್ಪ್ ಇದ್ದಾಳೆ, ಕೊಟ್ಟವರ ಕಾಲಂ ಬೇಗ ತುಂಬುತ್ತದೆ. ಖಾತೆ ಪುಸ್ತಕ ಗುಂಪಿಗೆ ಎರಡು ಬೇಕಾದೀತು, ಅಂಗಡಿಯವನು ಡಜನ್ ಲೆಕ್ಕದಲ್ಲಿ ಕೊಳ್ಳಿ ಅಂದಿದ್ದಾನೆ.